ಕುಮುದ್ವತಿ: ಕಿರುನದಿಯ ಹೊಣೆ ಯಾರದು?

ನದಿಯ ಹಿರಿಮೆಯನ್ನು ಅದರ ಉದ್ದದಿಂದ ಅಳೆಯುವುದು ರೂಢಿ. ಆ ಅಳತೆಗೆ ಕುಮುದ್ವತಿ ನಿಲುಕುವುದಿಲ್ಲ. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಈ ನದಿ ಮಾಗಡಿ ಸೀಮೆಯನ್ನು ಹಾದು, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯೊಡನೆ ಕೂಡುತ್ತದೆ. ಕಾಲ್ನಡಿಗೆಯಲ್ಲಿ ಎರಡು ದಿನಗಳ ಹಾದಿಯಷ್ಟೆ. (ತುಂಗಭದ್ರೆಯ ಉಪನದಿಯಾದ ಇದೇ ಹೆಸರಿನ ನದಿ ಬೇರೆ.) ಆದರೂ 1933ರಲ್ಲಿ ಈ ಸಂಗಮದಲ್ಲಿ ಪೂರ್ಣಗೊಂಡ ಚಾಮರಾಜಸಾಗರವೇ, 1974ರಲ್ಲಿ ಕಾವೇರಿ ನೀರು ಬರುವವರೆಗೆ, ಬೆಂಗಳೂರಿನ ದಾಹ ತಣಿಸಿದ ಮುಖ್ಯ ಆಸರೆಯಾಗಿತ್ತು.

ಶಿವಗಂಗೆಯದು ಬರಿಯ ಕರಿಕಲ್ಲಿನ ಮೈ. ಬಿದ್ದ ಮಳೆ ಅಲ್ಲಿ ನಿಲ್ಲದು; ಕೊರಕಲುಗಳಲ್ಲಿ ರಭಸದಿಂದ ಧುಮುಕುತ್ತದೆ. ಈ ಓಟವನ್ನು ಅರಿತಿದ್ದ ಹಿರಿಯರು ಬೆಟ್ಟದ ಬುಡದಿಂದಲೇ ಕೆರೆಗಳ ಸರಪಳಿ ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತಿತ್ತು. ನೀರುಗಂಟಿ ತೂಬು ಕಾಯುತ್ತಿದ್ದ. ಕೆರೆಯಲ್ಲಿ ನಿಂತ ನೀರು ನೆಲಕ್ಕಿಳಿದು, ತಗ್ಗಿನ ತಲಪರಿಗೆಗಳಲ್ಲಿ ಜಿನುಗಿ, ಮಳೆ ನಿಂತ ಮೇಲೂ ಹೊಳೆಯನ್ನು ಹರಿಸುತ್ತಿತ್ತು. ಗದ್ದೆ, ತೋಟ, ದನಕರು, ಅಗಸರ ಬಂಡೆ ಎಲ್ಲಕ್ಕೂ ಅದೇ ಆಧಾರ.

ಇಂದು ದೊಡ್ಡ ಮಳೆ ಬಂದ ದಿನಗಳಲ್ಲಿ ಮಾತ್ರ ಹೊಳೆಗೆ ಜೀವ. ಚಾಮರಾಜಸಾಗರದಿಂದ ನಗರಕ್ಕೆ ನೀರು ಹೋಗುವುದು 2012ರಲ್ಲಿ ನಿಂತಿತು. ಮಳೆ ಕಡಿಮೆಯಾಯಿತೆಂಬುದು ಸುಲಭದ ಉತ್ತರ. ಅರ್ಕಾವತಿ ಜಲಾನಯನವನ್ನು ಅಭ್ಯಸಿಸಿ 2015ರಲ್ಲಿ ವರದಿ ಪ್ರಕಟಿಸಿದ ಸಂಶೋಧಕರು ಬೇರೆ ಕಾರಣಗಳತ್ತ ಬೆರಳು ತೋರಿದರು: ಮಿತಿಯಿಲ್ಲದ ಕೊಳವೆಬಾವಿಗಳು, ಹೊಲಗಳನ್ನು ಆವರಿಸಿದ ನೀಲಗಿರಿ ತೋಪುಗಳು. ಅಂತರ್ಜಲ ಆಳಕ್ಕಿಳಿದಾಗ ತಲಪರಿಗೆ ಬತ್ತುತ್ತದೆ. ತಲಪರಿಗೆ ಬತ್ತಿದಾಗ ಹೊಳೆ ಸಾಯುತ್ತದೆ.

ಕಟ್ಟಳೆಗಳಿಗೇನೂ ಕೊರತೆಯಿಲ್ಲ. ಜಲಾಶಯದ ಜಲಾನಯನವನ್ನು ರಕ್ಷಿಸಲು 2003ರ ನವೆಂಬರ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿ, ನದಿಯ ಎರಡೂ ದಡಗಳ ಆಸುಪಾಸಿನಲ್ಲಿ ಕಟ್ಟಡ, ಕೈಗಾರಿಕೆಗಳಿಗೆ ಮಿತಿ ಹಾಕಿತು. ಆಮೇಲೆ ಅದನ್ನು ಸಡಿಲಗೊಳಿಸುವ ಪ್ರಯತ್ನಗಳೂ ನಡೆದವು. ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಲಾಯಿತು. ಹಳೆಯ ಬುಡಗಳು ಮಾತ್ರ ಕಡಿದಷ್ಟೂ ಚಿಗುರುತ್ತಲೇ ಇರುತ್ತವೆ.

ಬೆಟ್ಟದ ಕೊರಕಲುಗಳಲ್ಲಿ ಕಲ್ಲಿನ ತಡೆಗಳು, ತಗ್ಗುಗಳಲ್ಲಿ ಇಂಗುಬಾವಿಗಳು ಬಂದಿವೆ. ಇದು ಸ್ವಾಗತಾರ್ಹ. ಆದರೆ ಇಂಗಿಸಿದ್ದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುತ್ತಿದ್ದರೆ ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ನೀರೆತ್ತುವ ಲೆಕ್ಕವೂ ಗ್ರಾಮಸಭೆಯ ಮುಂದೆ ಬರಬೇಕು. ರೈತನಿಗೆ ನೀಲಗಿರಿ ಲಾಭದ ಆಸೆಗಿಂತ ಕೂಲಿಯಾಳು ಸಿಗದ ಕಷ್ಟಕ್ಕೆ ಕಂಡ ದಾರಿ. ಅದನ್ನು ಕಿತ್ತು ರಾಗಿ, ಹೊಂಗೆ, ಹುಣಸೆಗೆ ಮರಳುವವನಿಗೆ ನೆರವು ಸಿಗದಿದ್ದರೆ ನಿಷೇಧ ಕಾಗದದಲ್ಲೇ ಉಳಿದೀತು.

ಕಾವೇರಿಯ ವ್ಯಾಜ್ಯಕ್ಕೆ ನೆರೆರಾಜ್ಯವಿದೆ, ನ್ಯಾಯಮಂಡಳಿಯೂ ಇತ್ತು. ಕುಮುದ್ವತಿಯ ವಿಷಯದಲ್ಲಿ ದೂರಲು ಹೊರಗಿನವರಿಲ್ಲ. ಅದರ ಹುಟ್ಟೂ ಕೊನೆಯೂ ಅಕ್ಕಪಕ್ಕದ ತಾಲ್ಲೂಕುಗಳಲ್ಲೇ ಇದೆ. ಒಂದು ಊರಿನ ರಾಜಕಾಲುವೆ ಒತ್ತುವರಿಯಾದರೆ ಮುಂದಿನ ಊರಿನ ಕೆರೆ ಅದೇ ಮಳೆಗಾಲದಲ್ಲಿ ಒಣಗುತ್ತದೆ; ತೆರವಾದರೆ ಅದೇ ಮಳೆಗಾಲದಲ್ಲಿ ನೀರು ಕಾಣುತ್ತದೆ. ಪ್ರತಿ ಶಾಲೆಯ ವಿದ್ಯಾರ್ಥಿಗಳು ತಮ್ಮೂರಿನ ಕೆರೆ, ಕಾಲುವೆ, ಬತ್ತಿದ ತಲಪರಿಗೆಗಳ ನಕ್ಷೆಯನ್ನು ಹಿರಿಯರಿಂದ ಕೇಳಿ ಬರೆಯಲಿ. ಪಂಚಾಯಿತಿಗಳು ಅದನ್ನು ಮುಂದಿಟ್ಟುಕೊಂಡು ಮುಂಗಾರಿಗೆ ಮೊದಲೇ ಕಾಲುವೆಗಳನ್ನು ಬಿಡಿಸಲಿ. ಕಿರುನದಿಯನ್ನು ಕೆಡಿಸಲು ಹೆಚ್ಚು ಕಾಲ ಬೇಕಾಗಲಿಲ್ಲ. ಉಳಿಸಲು ಇನ್ನು ಹೆಚ್ಚು ಕಾಲವಿಲ್ಲ.