ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ

ಮೀನಿನ ಮರಿಗೆ ಈಜು ಕಲಿಸಬೇಕೆ ಎಂದು ನಮ್ಮಲ್ಲೊಂದು ಗಾದೆಯುಂಟು. ಈಜಿನ ಮಟ್ಟಿಗೆ ಅದು ಸರಿಯೆ. ಆದರೆ ಈಜುವುದು ಬೇರೆ, ತೇಲುವುದು ಬೇರೆ. ಸಂಘದ ಮಕ್ಕಳಲ್ಲೊಬ್ಬಳು ಮೊನ್ನೆ, "ಮೊಳೆ ಮುಳುಗುತ್ತದೆ, ಕಟ್ಟಿಗೆ ತೇಲುತ್ತದೆ, ಮೀನು ಮಾತ್ರ ನಟ್ಟನಡುವೆ ಹೇಗೆ ನಿಲ್ಲುತ್ತದೆ?" ಎಂದು ಕೇಳಿದಳು. ಕಡತಗಳ ನಡುವೆ ಮುಳುಗದೆ ತೇಲದೆ ದಿನ ಕಳೆಯುವ ನನಗೆ ಈ ಪ್ರಶ್ನೆ ಬಹಳ ಹಿಡಿಸಿತು.

ಮೊದಲು ಈಜಿನ ಮಾತು. ಮೀನು ರೆಕ್ಕೆ ಬಡಿದು ಮುಂದಕ್ಕೆ ಹೋಗುತ್ತದೆಂದು ಅನೇಕರ ಎಣಿಕೆ. ಹೆಚ್ಚಿನ ಮೀನುಗಳಲ್ಲಿ ಹಾಗಿಲ್ಲ. ಮೈಯ ಎರಡು ಪಕ್ಕಗಳ ಮಾಂಸವೇ ಒಂದಾದ ಮೇಲೊಂದು ಬಿಗಿದು ಸಡಿಲಿ, ಬಾಲದಿಂದ ನೀರನ್ನು ಹಿಂದಕ್ಕೆ ನೂಕುತ್ತದೆ. ಬೆನ್ನಿನ ರೆಕ್ಕೆ ಮೈ ಹೊರಳದಂತೆ ತಡೆಯುತ್ತದೆ. ಎದೆಯ ರೆಕ್ಕೆಗಳು ತಿರುಗುವುದಕ್ಕೆ, ನಿಲ್ಲುವುದಕ್ಕೆ. ನಮ್ಮ ವಾಚಕರಲ್ಲಿ ಮೀನು ಉಣ್ಣುವ ಕರಾವಳಿಯವರೂ ಇದ್ದಾರೆ, ಅದರ ವಾಸನೆಗೆ ಮೂಗು ಮುಚ್ಚುವ ಧಾರವಾಡದ ಕಡೆಯವರೂ ಇದ್ದಾರೆ. ಮೊದಲಿನವರು ಬಂಗಡೆಯನ್ನು ಹೆಚ್ಚುವಾಗ ಒಮ್ಮೆ ಗಮನಿಸಿರಿ. ಚರ್ಮಕ್ಕೆ ತಾಗಿದಂತೆ ಪಕ್ಕದುದ್ದಕ್ಕೂ ಕಪ್ಪುಗೆಂಪಿನ ಮಾಂಸದ ಪಟ್ಟಿಯೊಂದಿರುತ್ತದೆ. ದಿನವಿಡೀ ದಣಿಯದೆ ಈಜುವ ಕೆಲಸ ಅದರದು. ಉಳಿದ ಬಿಳಿಯ ಮಾಂಸ, ಶತ್ರು ಬಂದಾಗ ಫಕ್ಕನೆ ಚಿಮ್ಮುವುದಕ್ಕೆ. ಅದು ಬೇಗ ದಣಿಯುತ್ತದೆ.

ಇನ್ನು ತೇಲುವ ಮಾತು. ಒಂದು ಲೀಟರ್ ಸಿಹಿನೀರು 1 ಕಿಲೋ ತೂಗಿದರೆ, ಅಷ್ಟೇ ಗಾತ್ರದ ಮೀನಿನ ಮಾಂಸ ಮೂಳೆಗಳು ಅದಕ್ಕಿಂತ ಸುಮಾರು 70 ಗ್ರಾಂ ಹೆಚ್ಚು ತೂಗುತ್ತವೆ. ಅಂದಮೇಲೆ ಸುಮ್ಮನಿದ್ದ ಮೀನು ತಳ ಸೇರಲೇಬೇಕು. ಸೇರದಿರುವುದಕ್ಕೆ ಕಾರಣ, ಬೆನ್ನುಮೂಳೆಯ ಕೆಳಗಿರುವ ತೆಳುವಾದ ಗಾಳಿಚೀಲ. ಸಿಹಿನೀರಿನ ಮೀನಿಗೆ ಈ ಚೀಲ ಮೈಯ ಗಾತ್ರದಲ್ಲಿ ನೂರಕ್ಕೆ ಏಳು ಪಾಲಿನಷ್ಟು ಬೇಕು. ಸಮುದ್ರದ ಉಪ್ಪುನೀರು ಹೆಚ್ಚು ಭಾರವಾದ್ದರಿಂದ ಅಲ್ಲಿ ಐದು ಪಾಲು ಸಾಕು.

ಒಂದು ಚೀಲ ಗಾಳಿ ಇಟ್ಟುಕೊಂಡರೆ ಮುಗಿಯಿತು ಎನ್ನುವಂತಿಲ್ಲ. ಹತ್ತು ಮೀಟರು ಕೆಳಗಿಳಿದರೆ ನೀರಿನ ಒತ್ತಡ ಮೇಲ್ಮೈಯಲ್ಲಿದ್ದುದರ ಎರಡರಷ್ಟಾಗಿ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಕುಗ್ಗಿದೊಡನೆ ಮೀನು ಭಾರವಾಗಿ ಇನ್ನೂ ಕೆಳಗಿಳಿಯುತ್ತದೆ. ಮೇಲೇರಿದರೆ ಇದಕ್ಕೆ ತಿರುವುಮುರುವು. ಆದುದರಿಂದ ಚೀಲಕ್ಕೆ ಗಾಳಿ ತುಂಬುವ, ತೆಗೆಯುವ ವ್ಯವಸ್ಥೆ ಬೇಕು. ರೋಹು, ಕಾಟ್ಲಾ ಮುಂತಾದ ಮೀನುಗಳಲ್ಲಿ ಚೀಲದಿಂದ ಅನ್ನನಾಳಕ್ಕೆ ಸಣ್ಣ ಕೊಳವೆಯುಂಟು. ಅವು ಮೇಲೆ ಬಂದು ಗಾಳಿ ನುಂಗುತ್ತವೆ, ಬೇಡವಾದಾಗ ಬಿಡುತ್ತವೆ.

ಸಮುದ್ರದ ಅನೇಕ ಮೀನುಗಳಲ್ಲಿ ಬೆಳೆದ ಮೇಲೆ ಈ ಕೊಳವೆ ಇರುವುದಿಲ್ಲ. ಅವು ರಕ್ತದಿಂದಲೇ ಗಾಳಿ ಹಿಂಡುತ್ತವೆ. ಚೀಲದ ಗೋಡೆಯ ಒಂದು ಗ್ರಂಥಿ ಆಮ್ಲವನ್ನು ಸ್ರವಿಸುತ್ತದೆ. ಆಮ್ಲ ತಾಗಿದೊಡನೆ ರಕ್ತ ತಾನು ಹೊತ್ತ ಆಮ್ಲಜನಕವನ್ನು ಕೈಬಿಡುತ್ತದೆ. ಅದು ರಕ್ತದೊಡನೆ ಹೊರಟುಹೋಗಬಾರದಷ್ಟೆ? ಅದಕ್ಕಾಗಿ ಹೋಗುವ ಮತ್ತು ಬರುವ ಸೂಕ್ಷ್ಮ ರಕ್ತನಾಳಗಳು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. ಹೊರಟ ಅನಿಲ ಪಕ್ಕದ ನಾಳಕ್ಕೆ ದಾಟಿ ಮತ್ತೆ ಚೀಲದ ಕಡೆಗೇ ಬರುತ್ತದೆ. ಆದರೆ ಇದೆಲ್ಲ ನಿಧಾನದ ಕೆಲಸ. ಆಳದ ಮೀನನ್ನು ಗಾಳದಿಂದ ಸರ್ರನೆ ಎಳೆದರೆ ಚೀಲ ಉಬ್ಬಿ ಹೊಟ್ಟೆ ಬಾಯಿಂದ ಹೊರಬರುವುದು ಇದೇ ಕಾರಣದಿಂದ.

ಗಾದೆಗೆ ಬರೋಣ. ಇಂಥ ಮೀನುಗಳಲ್ಲಿ ಹಲವಕ್ಕೆ ಮರಿಯಾಗಿದ್ದಾಗ ಕೊಳವೆ ಇರುತ್ತದೆ, ಕೆಲವು ದಿನಗಳಲ್ಲಿ ಮುಚ್ಚಿಹೋಗುತ್ತದೆ. ಅಷ್ಟರೊಳಗೆ ಮರಿ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಲೇಬೇಕು. ತಪ್ಪಿದರೆ ಚೀಲ ಎಂದಿಗೂ ಉಬ್ಬುವುದಿಲ್ಲ. ಬೆನ್ನು ಡೊಂಕಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ನೀರಿನ ಮೇಲೆ ತೆಳ್ಳಗೆ ಎಣ್ಣೆಯ ಪದರ ನಿಂತರೂ ಮರಿಯ ಬಾಯಿಗೆ ಗಾಳಿ ಸಿಗದು. ಮರಿ ಸಾಕುವ ಕೇಂದ್ರಗಳಲ್ಲಿ ಆ ಎಣ್ಣೆಯನ್ನು ತೆಗೆಯುತ್ತಿರುವುದು ಇದಕ್ಕಾಗಿಯೆ.

ಚೀಲವಿಲ್ಲದ ಮೀನುಗಳೂ ಉಂಟು. ಮುಂಬಯಿಯವರ ಸುರಮಯಿಗೆ, ಅಂದರೆ ನಮ್ಮ ಅಂಜಲ್ ಮೀನಿಗೆ, ಇದು ಇಲ್ಲ. ಅದು ಈಜುತ್ತಲೇ ಇರಬೇಕು. ಶಾರ್ಕ್ ಮೀನಿಗೆ ದೊಡ್ಡ ಪಿತ್ತಜನಕಾಂಗದ ತುಂಬ ಹಗುರವಾದ ಎಣ್ಣೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ ನಮ್ಮ ದೇಶದಲ್ಲಿ ಶಾರ್ಕ್ ಎಣ್ಣೆಯನ್ನು ತಯಾರಿಸತೊಡಗಿದರು. ಮೀನು ತೇಲುವುದಕ್ಕೆ ಕೂಡಿಟ್ಟುಕೊಂಡದ್ದು ಔಷಧಿಯಾಗಿ ಮಕ್ಕಳ ಹೊಟ್ಟೆ ಸೇರಿತು.

ಗಾಳಿಚೀಲಕ್ಕೂ ಗಿರಾಕಿಗಳುಂಟು. ಒಣಗಿಸಿದ ಚೀಲವನ್ನು ಚೀನೀಯರು ಸಾರಿಗೆ ಹಾಕುತ್ತಾರೆ. ಬೀರು, ದ್ರಾಕ್ಷಾಮದ್ಯಗಳನ್ನು ತಿಳಿಗೊಳಿಸುವುದಕ್ಕೂ ಬಳಸುವುದುಂಟು. ನಮ್ಮ ಪಶ್ಚಿಮ ಕರಾವಳಿಯ ಘೋಳ್ ಮೀನಿಗೆ ಚಿನ್ನದ ಬೆಲೆ ಬಂದಿರುವುದು ಮಾಂಸದಿಂದಲ್ಲ, ಈ ಚೀಲದಿಂದ. 2021ರ ಆಗಸ್ಟಿನಲ್ಲಿ ಪಾಲಘರ ಜಿಲ್ಲೆಯ ಮುರ್ಬೆಯ ಮೀನುಗಾರರಿಗೆ ಒಂದೇ ಸಲ 150ಕ್ಕೂ ಮಿಕ್ಕಿ ಘೋಳ್ ಸಿಕ್ಕಿ, ಒಂದು ಕೋಟಿ ರೂಪಾಯಿಗೂ ಹೆಚ್ಚು ಹಣ ಬಂದಿತು. ದೋಣಿಯ ಸಾಲ ತೀರಿಸಬೇಕಾದ ಬಡವನಿಗೆ ಅದು ಭಾಗ್ಯವೇ ಸರಿ. ಅವನನ್ನು ದೂರಲು ನನಗೆ ಬಾಯಿ ಬಾರದು.

ಆದರೆ ಮೆಕ್ಸಿಕೋದಲ್ಲಿ ನಡೆದುದನ್ನು ನೋಡಿರಿ. ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಘೋಳ್ ಸಂತತಿಯದೇ ಆದ ತೊತೊಆಬಾ ಎಂಬ ಮೀನಿದೆ. ಅದನ್ನು ಹಿಡಿಯಬಾರದೆಂದು 1975ರಲ್ಲಿಯೇ ಕಾನೂನಾಯಿತು. ಚೀಲದ ಆಸೆಗೆ ಕದ್ದು ಹಿಡಿಯುವುದು ನಿಲ್ಲಲಿಲ್ಲ. ಅದಕ್ಕೆಂದು ಬೀಸಿದ ಬಲೆಗಳಲ್ಲಿ ವಾಕೀತಾ ಎಂಬ ಪುಟ್ಟ ಕಡಲಹಂದಿ ಸಿಕ್ಕಿಕೊಂಡು, ಉಸಿರಿಗೆ ಮೇಲೆ ಬರಲಾರದೆ ಸಾಯುತ್ತದೆ. ಅದರ ಚೀಲ ಯಾರಿಗೂ ಬೇಕಾಗಿಲ್ಲ. ಅದಕ್ಕೆ ಚೀಲವೇ ಇಲ್ಲ. 1997ರಲ್ಲಿ ಸುಮಾರು 600 ಇದ್ದ ಈ ಪ್ರಾಣಿ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. 2023ರ ಸಮೀಕ್ಷೆಯ ಹೊತ್ತಿಗೆ ಉಳಿದುದು ಹತ್ತರ ಆಸುಪಾಸು.

ಘೋಳ್ ಸಂತತಿಯ ಮೀನುಗಳು ಇದೇ ಚೀಲವನ್ನು ಡೋಲಿನಂತೆ ನುಡಿಸಿ ಸದ್ದು ಮಾಡುವ ಸಂಗತಿ ಮುಂದಿನ ಸಂಚಿಕೆಗೆ.