ಸೋತ ತಂಡದ ಲೆಕ್ಕವೂ ರಿಯಾಯಿತಿ ದರದ ಪುಸ್ತಕವೂ

ನಮ್ಮ ವರ್ತಕ ಹಾಗೂ ಉದ್ಯಮಿ ಮಿತ್ರರ ಮೊಬೈಲುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸ ಬಗೆಯ ದಾಸ್ತಾನೊಂದು ಬೆಳೆಯುತ್ತಿದೆ. ಅದು ಇ-ಪುಸ್ತಕಗಳ ದಾಸ್ತಾನು. 399 ರೂಪಾಯಿ ಮುಖಬೆಲೆಯ ಪುಸ್ತಕ ಹಬ್ಬದ ರಿಯಾಯಿತಿಯಲ್ಲಿ 49 ರೂಪಾಯಿಗೆ ದೊರೆಯುವಾಗ ಕೊಳ್ಳದೆ ಬಿಡುವುದು ವ್ಯಾಪಾರಿಯ ಸ್ವಭಾವಕ್ಕೇ ವಿರುದ್ಧ. ನಾನು ಕಂಡಂತೆ ಇವುಗಳಲ್ಲಿ ಬಹುಪಾಲು ಗೆದ್ದ ಕ್ರೀಡಾ ತಂಡಗಳ ನಾಯಕರೂ ತರಬೇತುದಾರರೂ ಬರೆದ ಆಡಳಿತದ ಪಾಠಗಳು. ಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಒಂದು ಅಧ್ಯಾಯವನ್ನೋದಿ ಕಾರ್ಖಾನೆಯ ವ್ಯವಸ್ಥಾಪಕರನ್ನು ಬದಲಾಯಿಸುವುದಕ್ಕೆ ಮಾತ್ರ ಇದೆ.

ವೃತ್ತಿಧರ್ಮಕ್ಕನುಸಾರವಾಗಿ ತೆರಿಗೆಯ ಮಾತೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಇ-ಪುಸ್ತಕಕ್ಕೆ ಶೇಕಡಾ 18ರ ದರವಿತ್ತು. 2018ರ ಜುಲೈನಲ್ಲಿ, ಮುದ್ರಿತ ಆವೃತ್ತಿಯೂ ಇರುವ ಇ-ಪುಸ್ತಕಗಳಿಗೆ ಅದನ್ನು ಶೇಕಡಾ 5ಕ್ಕೆ ಇಳಿಸಲಾಯಿತು. ಮುದ್ರಿತ ಪುಸ್ತಕಕ್ಕೆ ತೆರಿಗೆಯೇ ಇಲ್ಲ. ಮೇಲಾಗಿ, ಹೀಗೆ ಕೊಂಡದ್ದು ಸಾಮಾನ್ಯವಾಗಿ ಓದುವ ಪರವಾನಗಿಯೇ ಹೊರತು ಸ್ವತ್ತಲ್ಲ. 2009ರಲ್ಲಿ ಅಮೆಜಾನ್ ಸಂಸ್ಥೆಯು ಗ್ರಾಹಕರು ಹಣ ತೆತ್ತು ಪಡೆದಿದ್ದ ಜಾರ್ಜ್ ಆರ್ವೆಲ್‌ರ ಕೃತಿಗಳನ್ನು ಅವರ ಕಿಂಡಲ್ ಉಪಕರಣಗಳಿಂದಲೇ ಅಳಿಸಿ, ಹಣ ಹಿಂದಿರುಗಿಸಿತ್ತು.

ಇನ್ನು ತಂಡದ ವಿಚಾರ. 2008ರಲ್ಲಿ ವಿಜಯ್ ಮಲ್ಯ ಅವರು 11 ಕೋಟಿ 16 ಲಕ್ಷ ಡಾಲರ್‌ಗೆ ಬೆಂಗಳೂರು ತಂಡವನ್ನು ಕೊಂಡರು. ಏಳು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿದ್ದಾಗ, ಮೇ ತಿಂಗಳ ಮೊದಲ ವಾರದಲ್ಲಿ, ಮುಖ್ಯ ಕಾರ್ಯನಿರ್ವಾಹಕ ಚಾರು ಶರ್ಮಾ ಅವರನ್ನು ಬಿಡಿಸಿ ಬ್ರಿಜೇಶ್ ಪಟೇಲ್ ಅವರನ್ನು ತರಲಾಯಿತು. ಆಟಗಾರರ ಆಯ್ಕೆಯ ಬಗ್ಗೆ ಮಾಲೀಕರು ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಉಳಿದ ಏಳು ಪಂದ್ಯಗಳಲ್ಲಿ ತಂಡ ಗೆದ್ದದ್ದೂ ಎರಡೇ! ಎಂಟು ತಂಡಗಳ ಪೈಕಿ ಏಳನೆಯ ಸ್ಥಾನ.

ಬದಲಾವಣೆಯೇ ಸಲ್ಲದೆಂದು ಇದರಿಂದ ತೀರ್ಮಾನಿಸಲಾಗದು. ಮರುವರ್ಷ ಅಂತಿಮ ಪಂದ್ಯ ತಲುಪಿದ್ದು ಹಿಂದಿನ ವರ್ಷದ ಕಡೆಯ ಎರಡು ತಂಡಗಳೇ, ಅಂದರೆ ಡೆಕ್ಕನ್ ಚಾರ್ಜರ್ಸ್ ಮತ್ತು ಬೆಂಗಳೂರು. ಎರಡೂ ಕಡೆ ಬಿಡುವಿನ ಕಾಲದಲ್ಲಿ ತರಬೇತುದಾರರು ಬದಲಾಗಿದ್ದರು. ಪೀಟರ್ಸನ್ ಅವರ ನಂತರ ಅನಿಲ್ ಕುಂಬ್ಳೆ ನಾಯಕರಾದದ್ದು ಪಂದ್ಯಾವಳಿಯ ನಡುವೆಯೇ ಆದರೂ, ಪೀಟರ್ಸನ್ ಇಂಗ್ಲೆಂಡ್ ತಂಡಕ್ಕೆ ಮರಳುವರೆಂಬುದು ಮೊದಲೇ ತಿಳಿದ ಸಂಗತಿ. ಅಂತಿಮದಲ್ಲಿ ಬೆಂಗಳೂರು ಸೋತದ್ದು 6 ರನ್ನುಗಳಿಂದ. ಪ್ರಶಸ್ತಿ ಬಂದದ್ದು 2025ರಲ್ಲಿ, ಹದಿನೆಂಟನೆಯ ಪಂದ್ಯಾವಳಿಯಲ್ಲಿ.

ಕೆಲ ವರ್ಷಗಳ ಹಿಂದೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ನನ್ನ ಕಕ್ಷಿದಾರರೊಬ್ಬರು ಜನವರಿ ತಿಂಗಳಲ್ಲಿ ಬಂದು, ಮೊಬೈಲಿನಲ್ಲಿ ಅಂಥದೊಂದು ಪುಸ್ತಕದ ಪುಟ ತೋರಿಸಿ, "ಆಡಿಟರ್ ಸಾರ್, ಟೀಮ್ ಸೋತರೆ ಮೊದಲು ಕೋಚ್ ಬದಲಾಗಬೇಕು" ಎಂದರು. ಅವರ ಶೀಟ್ ಮೆಟಲ್ ಘಟಕದಲ್ಲಿ ತಿರಸ್ಕೃತ ಮಾಲು ಹೆಚ್ಚಿತ್ತು. 18 ವರ್ಷ ಸೇವೆ ಸಲ್ಲಿಸಿದ್ದ ಉತ್ಪಾದನಾ ವ್ಯವಸ್ಥಾಪಕರ ವೇತನ ತಿಂಗಳಿಗೆ 40,000 ರೂಪಾಯಿ. ಹೊಸಬರು 32,000ಕ್ಕೆ ಸಿದ್ಧರಿದ್ದರು. ವರ್ಷಕ್ಕೆ 96,000 ಉಳಿತಾಯವೆಂದು ಪಟ್ಟಿ ಬರೆದುಕೊಟ್ಟವನು ನಾನೇ.

ಗ್ರಾಚ್ಯುಯಿಟಿ 4,15,385 ರೂಪಾಯಿ ಎಂದಿದ್ದರೂ ಕೊಡಬೇಕಾದದ್ದೇ. ಆದರೆ ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಖಾತೆ ಮಿತಿಗೆ ತಾಗಿದ್ದ ತಿಂಗಳಿನಲ್ಲಿ ಅದನ್ನು ತೆರಬೇಕಾಯಿತು. ಯಾವ ಡೈಗೆ ಯಾವ ಹೊಂದಾಣಿಕೆ ಎಂಬುದೆಲ್ಲ ಹಳಬರ ತಲೆಯಲ್ಲಿತ್ತು, ಪುಸ್ತಕದಲ್ಲಿರಲಿಲ್ಲ. ಮಾರ್ಚ್ ಅಂತ್ಯಕ್ಕೆ ತಿರಸ್ಕೃತ ಮಾಲು ಇನ್ನಷ್ಟು ಏರಿತು. ಲೆಕ್ಕ ಪರಿಶೋಧನೆಗೆ ಕುಳಿತಾಗ ಖರೀದಿ ರಸೀದಿಗಳಲ್ಲಿ ಕಂಡದ್ದೇ ಬೇರೆ. ಅಕ್ಟೋಬರಿನಿಂದ ಉಕ್ಕಿನ ತಗಡು ಹೊಸ ಸರಬರಾಜುದಾರರಿಂದ ಬರುತ್ತಿತ್ತು, ಕಿಲೋಗೆ ಎರಡು ರೂಪಾಯಿ ಅಗ್ಗ. ಆ ನಿರ್ಧಾರ ಮಾಲೀಕರದು. ತೊಂದರೆ ಆರಂಭವಾದದ್ದೂ ಆ ತಿಂಗಳಿನಿಂದಲೇ. ರಸೀದಿಗಳನ್ನು ಜನವರಿಯಲ್ಲಿಯೇ ತರಿಸಿ ನೋಡಬಹುದಿತ್ತು. ನಾನು ಕೇಳಲಿಲ್ಲ.

ಆ ಪುಸ್ತಕಗಳ ಮೂಲ ದೋಷವೂ ಲೆಕ್ಕಿಗನಿಗೆ ಪರಿಚಿತವಾದದ್ದೇ. ತಾನು ಬಯಸಿದ ಖಾತೆಗಳನ್ನಷ್ಟೇ ಮುಂದಿಡುವ ಗುಮಾಸ್ತನಂತೆ ಅವು ಗೆದ್ದವರನ್ನು ಮಾತ್ರ ತೋರಿಸುತ್ತವೆ. ತರಬೇತುದಾರರನ್ನು ತೆಗೆದೂ ಏಳನೆಯ ಸ್ಥಾನದಲ್ಲೇ ಉಳಿದ ಮಾಲೀಕನ ಪುಸ್ತಕ ಯಾವ ರಿಯಾಯಿತಿಯಲ್ಲೂ ಸಿಗುವುದಿಲ್ಲ.

ಅದೇ ಕಕ್ಷಿದಾರರು ಕಳೆದ ತಿಂಗಳು ಮತ್ತೆ ಬಂದಿದ್ದರು. ಈ ಬಾರಿ ಉಗ್ರಾಣದ ಮೇಲ್ವಿಚಾರಕರ ಮೇಲೆ ದೂರು. ಮೂರು ವರ್ಷಗಳ ದಾಸ್ತಾನು ವಹಿಯನ್ನೂ ಖರೀದಿ ರಸೀದಿಗಳನ್ನೂ ಕಳುಹಿಸಿಕೊಡುವಂತೆ ಕೇಳಿದ್ದೇನೆ. ಇನ್ನೂ ಬಂದಿಲ್ಲ.