ಬ್ಯಾಟರಿಯಲ್ಲಿ ಉಳಿದಿರುವುದೆಷ್ಟು?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು ಸೀಮೆಯಲ್ಲಿ ಭತ್ತದ ಕೊಯ್ಲು ಬಂದಿತೆಂದರೆ ಹೊರ ರಾಜ್ಯಗಳಿಂದಲೂ ಕೊಯ್ಲುಯಂತ್ರಗಳು ಬರುತ್ತವೆ. ಯಂತ್ರದೊಡನೆ ಬಂದವರು ಅನೇಕ ದಿನ ಮನೆಯನ್ನು ಕಾಣದೆ, ಜವಳಗೇರಾದಂತಹ ಊರುಗಳ ಹೊಲದ ಬದಿಯಲ್ಲಿಯೇ ಬೀಡುಬಿಡಬೇಕಾಗುತ್ತದೆ. ಟ್ರೇಲರಿನ ಮೇಲೆ ತಾಡಪತ್ರಿ ಹೊದಿಸಿದರೆ ಅದೇ ಮನೆ. ಮೂಲೆಯಲ್ಲೊಂದು ಬ್ಯಾಟರಿಯೂ ಮೇಲೊಂದು ಸೌರಫಲಕವೂ ಇದ್ದರೆ ರಾತ್ರಿಯ ದೀಪಕ್ಕೆ, ಸಣ್ಣ ಫ್ಯಾನಿಗೆ, ಮೊಬೈಲಿಗೆ ಬೇಕಾದಷ್ಟು ವಿದ್ಯುತ್ತು ದೊರೆಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ವಿಹಾರಕ್ಕೆ ಹೊರಟವರು ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಗಾಲಿಮನೆಯ ಏರ್ಪಾಡೂ ಇದೇ ಬಗೆಯದು. ಅವರದು ವಿನೋದ, ಇವರದು ಹೊಟ್ಟೆಪಾಡು. ಆದರೆ ಸಂಜೆಯಾದೊಡನೆ ಇಬ್ಬರ ಮುಂದೆಯೂ ನಿಲ್ಲುವ ಪ್ರಶ್ನೆ ಒಂದೇ: ಬೆಳಗಿನವರೆಗೆ ಸಾಲುವಷ್ಟು ಬ್ಯಾಟರಿಯಲ್ಲಿ ಉಳಿದಿದೆಯೆ?

ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಜನ ದೀಪದ ಪ್ರಕಾಶದಿಂದಲೋ, ಹಾರನ್ನಿನ ದನಿಯಿಂದಲೋ, ಇನ್ವರ್ಟರಿನ ಮೇಲಿನ ಹಸಿರು ಬೊಟ್ಟಿನಿಂದಲೋ ಊಹಿಸುತ್ತಾರೆ. ಕೆಲವರು ತಂತಿಯ ತುದಿಗಳನ್ನು ತಾಗಿಸಿ ಕಿಡಿ ನೋಡುವುದೂ ಉಂಟು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಸಾಕು, ಕಿಡಿ ತಗುಲಿ ಸ್ಫೋಟವಾಗಬಲ್ಲುದು. ಆದುದರಿಂದ ಈ ಕಡೆಯ ಪರೀಕ್ಷೆಯ ವಿಷಯದಲ್ಲಿ ಚರ್ಚೆಯೇ ಬೇಡ.

ಹಸಿರು ಬೊಟ್ಟನ್ನು ನಂಬಿದರೇನು ಎಂದು ಕೇಳಬಹುದು. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದನು. ಅದರ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ವಿದ್ಯುತ್ತು ಹೊರಹರಿದಂತೆ ಗಂಧಕಾಮ್ಲವು ಸೀಸದ ಫಲಕಗಳೊಡನೆ ಕೂಡಿ ಸೀಸದ ಸಲ್ಫೇಟ್ ಆಗುತ್ತದೆ, ದ್ರವದಲ್ಲಿ ನೀರಿನ ಪಾಲು ಹೆಚ್ಚುತ್ತದೆ. ಮರಳಿ ಚಾರ್ಜು ಮಾಡಿದಾಗ ಇದಕ್ಕೆ ವಿಪರೀತವಾದ ಕ್ರಿಯೆ ನಡೆಯುತ್ತದೆ. ಅಂದಮೇಲೆ ದ್ರವದ ಸಾಂದ್ರತೆಯನ್ನು ಅಳೆಯುವುದೇ ಬ್ಯಾಟರಿಯ ಹೊಟ್ಟೆಯನ್ನು ನೋಡುವ ನೇರವಾದ ದಾರಿ. ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆ ಮಾಡುವುದು ಇದನ್ನೇ. ವೋಲ್ಟೇಜಾದರೋ ಪರೋಕ್ಷವಾದ ಸಾಕ್ಷಿ. ಬಿಸಿಲಿನಲ್ಲಿ ಚಾರ್ಜಾಗುತ್ತಿರುವ 12 ವೋಲ್ಟಿನ ಬ್ಯಾಟರಿ 14 ವೋಲ್ಟನ್ನೂ ಮೀರಿ ತೋರಿಸೀತು, ಫ್ಯಾನು ಓಡುವಾಗ ಅದೇ ಬ್ಯಾಟರಿ 12ಕ್ಕೆ ಇಳಿದೀತು. ಎರಡೂ ಅದರ ನಿಜಸ್ಥಿತಿಯಲ್ಲ. ಎಲ್ಲ ತಂತಿಗಳನ್ನು ಬಿಚ್ಚಿ ಕೆಲವು ಗಂಟೆ ವಿಶ್ರಾಂತಿ ಕೊಟ್ಟ ಮೇಲೆ ನೋಡಿದರೆ ಕಾರಿನಲ್ಲಿರುವಂತಹ ಬ್ಯಾಟರಿ ತುಂಬಿದ್ದಾಗ ಸುಮಾರು 12.7, ಅರ್ಧವಾದಾಗ 12.2, ಬರಿದಾದಾಗ 11.8 ವೋಲ್ಟ್ ತೋರಿಸುತ್ತದೆ. ತುಂಬಿದುದಕ್ಕೂ ಬರಿದಾದುದಕ್ಕೂ ಇರುವ ಅಂತರ ಒಂದು ವೋಲ್ಟೂ ಅಲ್ಲ! ಇಷ್ಟು ಸೂಕ್ಷ್ಮವಾದ ಭೇದವನ್ನು ಮೂರು ಬಣ್ಣದ ಬೊಟ್ಟುಗಳಿಂದ, ಅದೂ ದೀಪ ಉರಿಯುತ್ತಿರುವಾಗ, ಹೇಳಿಸಲು ಹೊರಡುವುದು ಸಾಹಸವೇ ಸರಿ. ಕೆಲವು ಮುಚ್ಚಿದ ಬ್ಯಾಟರಿಗಳ ಮೇಲೆ ಕಾಣುವ ಹಸಿರು ಕಣ್ಣು ಇನ್ನೂ ವಿಚಿತ್ರ. ಆರು ಕೋಶಗಳಲ್ಲಿ ಅದು ನೋಡುವುದು ಒಂದನ್ನು ಮಾತ್ರ.

ತಪ್ಪು ಊಹೆಯ ಬೆಲೆ ಒಂದು ರಾತ್ರಿಯ ಕತ್ತಲೆಯಷ್ಟೇ ಆಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿ, ಇಳಿದುದನ್ನು ಹಾಗೆಯೇ ಬಿಟ್ಟರೆ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಫಲಕಗಳಿಗೆ ಅಂಟಿಕೊಳ್ಳುತ್ತದೆ, ಮುಂದೆ ಎಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ. ವರ್ಷಗಟ್ಟಲೆ ಬಾಳಬೇಕಾದ ವಸ್ತು ಕೆಲವೇ ತಿಂಗಳುಗಳಲ್ಲಿ ಗುಜರಿಗೆ ಹೋಗುತ್ತದೆ. ಕೂಲಿಯ ಹಣದಲ್ಲಿ ಅದನ್ನು ಕೊಂಡವನಿಗೆ ಇದು ಸಣ್ಣ ನಷ್ಟವಲ್ಲ. ಇದರ ಮೇಲೆ ರಾಯಚೂರು ಜಿಲ್ಲೆಯ ಬೇಸಗೆ ಬೇರೆ. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಬ್ಯಾಟರಿಯ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರ ಸ್ಥೂಲವಾದ ಲೆಕ್ಕ. ನೀರೂ ಬೇಗ ಆರುತ್ತದೆ. ಆಗ ತುಂಬಬೇಕಾದುದು ಬಟ್ಟಿ ಇಳಿಸಿದ ನೀರನ್ನು, ಲವಣ ತುಂಬಿದ ಕೊಳವೆಬಾವಿಯ ನೀರನ್ನಲ್ಲ.

ಸೆಕೆಯಲ್ಲಿ ಹೈಡ್ರೋಮೀಟರಿನ ಓದಿಗೂ ಒಂದು ತಿದ್ದುಪಡಿ ಬೇಕು. 27 ಡಿಗ್ರಿಯಿಂದ ಮೇಲಕ್ಕೆ ಪ್ರತಿಯೊಂದು ಡಿಗ್ರಿಗೆ 0.0007ರಂತೆ ಕೂಡಿಸಬೇಕು. ದ್ರವ 42 ಡಿಗ್ರಿ ಕಾದಿರುವಾಗ 1.230 ಕಂಡರೆ ನಿಜವಾದುದು ಸುಮಾರು 1.240. ಮನೆಯ ಇನ್ವರ್ಟರಿಗೆ ಮಾರುವ ಅನೇಕ ಬ್ಯಾಟರಿಗಳಿಗೆ ಅದು ಪೂರ್ಣ ಚಾರ್ಜಿನ ಅಂಕೆ, ಕಾರಿನ ಬ್ಯಾಟರಿಗಾದರೆ 1.265ಕ್ಕೆ ಕಡಮೆಯಿರಬಾರದು. ಒಂದೇ ಅಂಕೆ ಒಂದರಲ್ಲಿ ಪೂರ್ಣ, ಇನ್ನೊಂದರಲ್ಲಿ ಅಪೂರ್ಣ. ನನ್ನ ವಾದ ಹುಟ್ಟುವುದು ಇಲ್ಲಿಯೇ. ಯಾವ ಅಂಕೆ ತನ್ನ ಬ್ಯಾಟರಿಗೆ ಸಲ್ಲುತ್ತದೆಂಬುದನ್ನು ಕೊಂಡವನು ಊಹಿಸಲಾರ. ಅದನ್ನು ಮಾಡಿದವನೂ ಮಾರಿದವನೂ ಹೇಳಬೇಕು.

ಜವಳಗೇರಾದಲ್ಲಿ ರಾಷ್ಟ್ರೀಯ ಬೀಜ ನಿಗಮದ ಕೃಷಿಕ್ಷೇತ್ರವಿದೆ. 1966ರ ಬೀಜ ಕಾಯಿದೆಯು ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣವನ್ನು ತೋರಿಸುವ ಚೀಟಿಯಿರಬೇಕೆಂದು ವಿಧಿಸಿತು. ಪ್ರಮಾಣಿತ ಭತ್ತದ ಬೀಜದಲ್ಲಿ ನೂರಕ್ಕೆ 80 ಕಾಳಾದರೂ ಮೊಳೆಯಬೇಕು. ಆ ಚೀಟಿಯನ್ನು ಓದಿ ಬೀಜ ಕೊಳ್ಳುವ ರೈತನಿಗೆ ಬ್ಯಾಟರಿಯ ಮೇಲಿನ ಕನ್ನಡದ ಚೀಟಿ ಭಾರವಾದೀತೆ? ತುಂಬಿದಾಗ ಇಷ್ಟು, ಅರ್ಧವಾದಾಗ ಇಷ್ಟು, ಇದಕ್ಕಿಂತ ಕೆಳಗೆ ಇಳಿಸಬೇಡಿ, ಅಳೆಯುವ ಮೊದಲು ಇಷ್ಟು ಗಂಟೆ ಬಿಡಿ: ಇಷ್ಟು ಸಾಕು. ಅದರೊಡನೆ ಮುಚ್ಚಳ ತೆರೆಯುವ ಬ್ಯಾಟರಿಗೆ ಒಂದು ಹೈಡ್ರೋಮೀಟರನ್ನೂ ಮುಚ್ಚಿದ ಬ್ಯಾಟರಿಗೆ ಒಂದು ವೋಲ್ಟ್ ಮಾಪಕವನ್ನೂ ಕೊಡಲಿ. ಬ್ಯಾಟರಿಯ ಬೆಲೆಯ ಮುಂದೆ ಇವುಗಳ ಬೆಲೆ ಅತ್ಯಲ್ಪ. ಹಳ್ಳಿಯವರಿಗೆ ದಶಾಂಶದ ಗೊಡವೆ ಏಕೆ ಎನ್ನುವವರು ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೊಮ್ಮೆ ಹೋಗಿಬರಲಿ. ಭತ್ತದ ತೇವ ಶೇಕಡಾ 17ನ್ನು ಮೀರಿತೇ ಇಲ್ಲವೇ ಎಂದು ಮಾಪಕದ ಅಂಕೆಯನ್ನು ಅಲ್ಲಿ ಕಣ್ಣಿಟ್ಟು ನೋಡುವವನು ಆ ಹಳ್ಳಿಯವನೇ.

ಈ ಚೀಟಿಯ ಅಗತ್ಯ ಈಗ ಇನ್ನೂ ಹೆಚ್ಚಾಗಿದೆ. ಅಂಗಡಿಗಳಿಗೆ ಲಿಥಿಯಂ ಬ್ಯಾಟರಿಗಳು ಬಂದಿವೆ. ಅವು ಹಗುರ, ಆಳವಾಗಿ ಇಳಿಸಿದರೂ ಸುಲಭವಾಗಿ ಕೆಡುವುದಿಲ್ಲ. ಆದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬಗೆಯ ಬ್ಯಾಟರಿ ಮುಕ್ಕಾಲು ತುಂಬಿದಾಗಲೂ ಕಾಲುಭಾಗ ಉಳಿದಾಗಲೂ 13 ವೋಲ್ಟಿನ ಆಸುಪಾಸಿನಲ್ಲಿಯೇ ನಿಂತಿರುತ್ತದೆ, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಇದಕ್ಕೆ ವೋಲ್ಟ್ ಮಾಪಕ ಸಾಲದು. ಒಳಹೋದ ಮತ್ತು ಹೊರಬಂದ ವಿದ್ಯುತ್ತನ್ನು ಆಂಪಿಯರ್ ಗಂಟೆಗಳಲ್ಲಿ ಕೂಡಿ ಕಳೆಯುವ ಮಾಪಕವೇ ಬೇಕು. ಆ ಮಾಪಕವನ್ನೂ ಆಗಾಗ ಬ್ಯಾಟರಿಯನ್ನು ಪೂರ್ತಿ ತುಂಬಿ ಸರಿಪಡಿಸಿಕೊಳ್ಳಬೇಕು, ಇಲ್ಲವಾದರೆ ಸಣ್ಣ ಸಣ್ಣ ತಪ್ಪುಗಳು ಸೇರಿ ಅದರ ಲೆಕ್ಕವೂ ಕೆಡುತ್ತದೆ. ಹಳೆಯ ಸೀಸದ ಬ್ಯಾಟರಿಯ ಅಂಕೆಗಳನ್ನು ಬಾಯಿಪಾಠ ಮಾಡಿದವನು 13 ವೋಲ್ಟನ್ನು ಕಂಡು ತುಂಬಿದೆಯೆಂದೇ ತಿಳಿಯುತ್ತಾನೆ. ಮಾರುವವರು ಇದನ್ನು ಮಾರುವ ದಿನವೇ ಹೇಳತಕ್ಕದ್ದು.